ಬರೀ ಲಬೀಬಾ

ಕೋಮ್ ಅಬ್ಯದ್ ಊರಿನಲ್ಲಿ ಯೆರೂಸಲೇಮಿಗೆ ಹೋಗಿಬಂದವರ ಹೆಸರು ಬದಲಾಗುತ್ತದೆ. ಗಂಡಸಾದರೆ ಮುಗದ್ದಿಸ್, ಹೆಂಗಸಾದರೆ ಮುಗದ್ದಿಸಾ. ಅಪ್ಪ ಅಮ್ಮ ಇಟ್ಟ ಹೆಸರು ಅದರ ಹಿಂದೆ ಬಾಲದಂತೆ ನೇತಾಡಿಕೊಂಡಿರುತ್ತದೆ. ನಿನ್ನೆಯ ತನಕ ಕತ್ತೆಯ ಹಿಂದೆ ಓಡುತ್ತಿದ್ದವನಿಗೆ ಇವತ್ತು ಅಂಗಡಿ ಜಗಲಿಯಲ್ಲಿ ಜನ ಸರಿದು ಜಾಗ ಬಿಡುತ್ತಾರೆ. ಮನೆಯ ಗೋಡೆಗೆ ಸುಣ್ಣ ಬಳಿದು ಹಡಗು, ಬಸ್ಸು, ಗುಮ್ಮಟ, ಶಿಲುಬೆ ಬರೆಸುತ್ತಾರೆ. ಸತ್ತ ಮೇಲೂ ಆ ಹೆಸರು ಬಿಡುವುದಿಲ್ಲ. ಚರ್ಚಿನಲ್ಲಿ ತೀರಿಹೋದವರನ್ನು ನೆನೆಯುವಾಗ ಪಾದ್ರಿ ಮುಗದ್ದಿಸ್ ಇಂಥವನು ಎಂದೇ ಓದುತ್ತಾನೆ, ಸ್ವರ್ಗದ ಬಾಗಿಲು ಕಾಯುವವನಿಗೂ ಅದು ಗೊತ್ತಾಗಲಿ ಎಂಬಂತೆ.

ಲಬೀಬಾ ಹೋದಳು, ಬಂದಳು. ಬಂದ ಮೇಲೂ ಸಾಯುವ ತನಕ ಬರೀ ಲಬೀಬಾ ಆಗಿಯೇ ಉಳಿದಳು.

ಆ ಹೆಸರು ಬೇರೆಯವರಿಗಿಂತ ಅವಳಿಗೆ ಹೆಚ್ಚು ಬೇಕಿತ್ತು. ನೈಲ್ ನದಿಯ ಈ ದಂಡೆಯಲ್ಲಿ ಮದುವೆಯಾದ ಹೆಂಗಸನ್ನು ಹೆಸರು ಹಿಡಿದು ಕರೆಯುವುದಿಲ್ಲ. ಇಂಥವನ ತಾಯಿ ಎನ್ನುತ್ತಾರೆ. ಲಬೀಬಾಳಿಗೆ ಮಕ್ಕಳಾಗಲಿಲ್ಲ. ಗಂಡ ಊರ ಹಿಂದಿನ ಸುಣ್ಣಕಲ್ಲಿನ ಗುಡ್ಡದಲ್ಲಿ ಕಲ್ಲು ಒಡೆಯುತ್ತಿದ್ದ. ಒಂದು ಮಧ್ಯಾಹ್ನ ಗುಡ್ಡವೇ ಅವನ ಮೇಲೆ ಕೂತಿತು. ಆ ಕಲ್ಲಿನಿಂದ ಕೈರೋದಲ್ಲಿ ದೊಡ್ಡವರ ಮಹಡಿಗಳು ಎದ್ದವು. ಅವನ ಹೆಣಕ್ಕೆ ಗಣಿಯವರು ಕೊಟ್ಟಿದ್ದು ಒಂದು ಗೋಣಿಚೀಲ. ಸಿಕ್ಕಿದಷ್ಟನ್ನು ಅದರಲ್ಲೇ ತುಂಬಿದರು, ಅದರಲ್ಲೇ ಹೂತರು. ಆಮೇಲೆ ಲಬೀಬಾ ಅಣ್ಣನ ಮನೆಯ ಹಿತ್ತಲಲ್ಲಿ ಒಲೆ ಹಾಕಿಕೊಂಡು, ನಾದಿದ ಹಿಟ್ಟನ್ನು ಬಿಸಿಲಿಗಿಟ್ಟು ಉಬ್ಬಿಸಿ, ಮದುವೆ ಮನೆಗೂ ಸಾವಿನ ಮನೆಗೂ ರೊಟ್ಟಿ ಸುಟ್ಟುಕೊಡುತ್ತ ದಿನ ತಳ್ಳಿದಳು. ಊರು ಅವಳನ್ನು ಕರೆಯುತ್ತಿದ್ದುದು ‘ಏ, ರೊಟ್ಟಿಯವಳೇ’ ಎಂದು.

ಅವಳ ತಲೆಯಲ್ಲಿ ಎರಡೇ ಮಾತು ಕೂತಿದ್ದವು. ತಾನು ಗೋಣಿಯಲ್ಲಿ ಮಣ್ಣಿಗೆ ಹೋಗಬಾರದು. ಹೆಸರಿಲ್ಲದೆಯೂ ಹೋಗಬಾರದು. ಎರಡಕ್ಕೂ ದಾರಿ ಒಂದೇ. ಯೆರೂಸಲೇಮಿಗೆ ಹೊರಟವರು ತಮ್ಮ ಹೆಣದ ಬಟ್ಟೆಯನ್ನು ಜೊತೆಗೇ ಒಯ್ಯುತ್ತಾರೆ. ಯೊರ್ದನ್ ಹೊಳೆಯಲ್ಲಿ ಅದನ್ನು ಅದ್ದಿ, ಕ್ರಿಸ್ತನ ಹೆಣಕ್ಕೆ ಎಣ್ಣೆ ಸವರಿದ ಚಪ್ಪಡಿಯ ಮೇಲೆ ಹಾಸಿ, ಅವನ ಸಮಾಧಿಗೆ ಮುಟ್ಟಿಸಿ ತಂದು ಪೆಟ್ಟಿಗೆಯಲ್ಲಿಡುತ್ತಾರೆ. ತಾವು ಸತ್ತಾಗ ಅದನ್ನೇ ಹೊದ್ದು ಹೋಗುತ್ತಾರೆ. ತೋಳಿಗೆ ಯಾತ್ರೆಯ ವರ್ಷ ಸಮೇತ ಅಲ್ಲಿಯ ಹಚ್ಚೆ, ಮೈಗೆ ಅಲ್ಲಿಯ ಬಟ್ಟೆ. ಕೊನೆಯ ದಿನ ಎಬ್ಬಿಸುವವನಿಗೆ ಗುರುತು ಹಿಡಿಯಲು ಇಷ್ಟು ಸಾಕು ಎಂದು ನಂಬಿಕೆ.

ಅರವತ್ತೇಳರ ಯುದ್ಧಕ್ಕೆ ಹಿಂದಿನ ವರ್ಷ, ಈಸ್ಟರ್ ಹಬ್ಬಕ್ಕೆ ಮುಂಚಿನ ದೊಡ್ಡ ಉಪವಾಸದ ದಿನಗಳಲ್ಲಿ, ಲಬೀಬಾ ಕಾಲಿನ ಬೆಳ್ಳಿ ಕಡಗ ಮಾರಿ ಹೊರಟಳು. ಸುದ್ದಿ ತಿಳಿದದ್ದೇ ಪಕ್ಕದ ಮನೆಯ ಶಫೀಕಾ ತನ್ನ ಬಟ್ಟೆ ಮಡಚಿ ತಂದಳು. ಅವಳ ಹಿಂದೆ ಇನ್ನಿಬ್ಬರು.

“ನನ್ನದನ್ನ ಚಪ್ಪಡಿ ಮೇಲೆ ಪೂರ್ತಿ ಹಾಸಬೇಕು ಕಣೇ. ಮೂಲೆ ಮುಟ್ಟಿಸಿ ಎತ್ತಿಬಿಟ್ಟೀಯಾ” ಎಂದಳು ಶಫೀಕಾ.

“ನಿನ್ನದನ್ನ ಹಾಸಿದ್ರೆ ಬೇರೆಯವರದ್ದಕ್ಕೆ ಜಾಗ ಎಲ್ಲಿದೆಯೇ? ಹಡಗಿನ ಪಟ ಇದ್ದ ಹಾಗಿದೆ.”

“ನಗು ನೀನು, ನಗು. ಬರುವಾಗ ಮುಗದ್ದಿಸಾ ಆಗಿ ಬರ್ತೀಯ. ಆಗ ನಿನ್ನ ಕೈಗೆ ಮುತ್ತಿಡೋಳು ನಾನೇ.”

ಲಬೀಬಾ ತನ್ನ ಬಟ್ಟೆಯ ಅಂಚಿಗೆ ನೀಲಿ ದಾರ ಹಾಕಿ ಗುರುತು ಮಾಡಿಕೊಂಡಳು.

ಯಾತ್ರೆ ಹೊರಡಿಸಿದವನು ಮಿನ್ಯಾ ಪೇಟೆಯ ಬಟ್ಟೆ ವ್ಯಾಪಾರಿ ನಸೀಫ್. ಎಲ್ಲರೂ ಅವನನ್ನು ಖವಾಜಾ, ಅಂದರೆ ಧಣಿ, ಎಂದು ಕರೆಯುತ್ತಿದ್ದರು. ವರ್ಷವರ್ಷ ಜನ ಕೂಡಿಸಿ ಕರೆದೊಯ್ಯುತ್ತಿದ್ದ. ಅದರಲ್ಲಿ ಅವನಿಗೆ ಪುಣ್ಯವೂ ಸಿಗುತ್ತಿತ್ತು, ಲಾಭವೂ ಸಿಗುತ್ತಿತ್ತು, ಎರಡನ್ನೂ ಅವನು ಒಂದೇ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಅಲೆಕ್ಸಾಂಡ್ರಿಯದಿಂದ ಬೈರೂತಿಗೆ ಹಡಗು, ಅಲ್ಲಿಂದ ದಮಸ್ಕ, ಅಮ್ಮಾನ್ ಹಾದು ಬಸ್ಸು. ಅವರ ಪಾಸ್‌ಪೋರ್ಟುಗಳೆಲ್ಲ ಒಂದೇ ಕಟ್ಟಾಗಿ ನಸೀಫನ ಚೀಲದಲ್ಲಿದ್ದವು.

ಹಡಗಿನ ಮೇಲ್ಗಡೆ ಲಬೀಬಾಳ ಪಕ್ಕದಲ್ಲಿ ಕೂತವನು ಬಿಸಾದಾ ಎಂಬ ಗಣಿ ಕೆಲಸದವನು. ನೈಲ್ ನದಿಯ ಆಚೆ ದಂಡೆಯ ನಜ್ಲತ್ ಸಾವಿ ಅವನ ಊರು. ಇನ್ನೂ ವಯಸ್ಸಾಗಿರಲಿಲ್ಲ, ಆದರೆ ಎದೆಯಲ್ಲಿ ಗೂಡು ಕಟ್ಟಿದ ಕಲ್ಲಿನ ಧೂಳು ಅವನನ್ನು ಮುದುಕನನ್ನಾಗಿ ಮಾಡಿತ್ತು. ನಾಲ್ಕು ಮಾತಾಡಿದರೆ ಕೆಮ್ಮು. ಕೆಮ್ಮಿದರೆ ಕರವಸ್ತ್ರ ಕೆಂಪು.

“ಮನೇಲಿದ್ದ ಕತ್ತೆ ಮಾರಿ ನನ್ನನ್ನ ಕಳಿಸಿದ್ದಾಳೆ ನನ್ನ ಹೆಂಡತಿ ತಫೀದಾ” ಎಂದ ಅವನು. “ಈಗ ಆ ಕತ್ತೆ ಮಾಡ್ತಿದ್ದ ಕೆಲಸ ಅವಳೇ ಮಾಡಬೇಕು. ನಾನಂತೂ ಕತ್ತೆಯಷ್ಟೂ ದುಡಿಯೋನಲ್ಲ ನೋಡು.”

“ವಾಸಿ ಆಗಲಿ ಅಂತ ಕಳಿಸಿದಾಳೆ ಬಿಡಪ್ಪ.”

“ವಾಸಿ ಆಗೋಕಲ್ಲ. ಮೂರು ಮಕ್ಕಳಿದ್ದಾರೆ ಅವ್ವ. ನಾನು ಬಿಟ್ಟು ಹೋಗೋಕೆ ಅವರಿಗೆ ಗೇಣು ನೆಲ ಇಲ್ಲ. ಮುಗದ್ದಿಸನ ಮಕ್ಕಳು ಅನ್ನಿಸ್ಕೊಂಡ್ರೆ ನಾಳೆ ಯಾರಾದ್ರೂ ಹೆಣ್ಣು ಕೊಟ್ಟಾರು, ಕೆಲಸ ಕೊಟ್ಟಾರು. ನಾನು ಆ ಪಟ್ಟಣ ಮುಟ್ಟಿದ್ರೆ ಸಾಕು. ಆಮೇಲೆ ಬಿದ್ದರೂ ಚಿಂತೆಯಿಲ್ಲ.” ಇಷ್ಟು ಹೇಳಿ ಅವನು ಮಡಿಲಿನ ಮೇಣದಬತ್ತಿಯ ಕಟ್ಟನ್ನು ಸವರಿದ. ಹಬ್ಬದ ಹಿಂದಿನ ದಿನ, ಬೆಳಕಿನ ಶನಿವಾರ, ಕ್ರಿಸ್ತನ ಸಮಾಧಿಯಿಂದ ಹೊರಬರುವ ಬೆಂಕಿಗೆ ಎಲ್ಲರೂ ಇಂಥ ಕಟ್ಟು ಹಿಡಿಯುತ್ತಾರೆ, ಹೊತ್ತಿಸಿ ಆರಿಸಿ ಮನೆಗೆ ತರುತ್ತಾರೆ. ಬಿಸಾದಾ ಹೆಣದ ಬಟ್ಟೆ ತಂದಿರಲಿಲ್ಲ; ಅಷ್ಟು ಅನುಕೂಲ ಅವನಿಗಿರಲಿಲ್ಲ. ಬತ್ತಿಯ ಕಟ್ಟು ಒಂದನ್ನೇ ತಂದಿದ್ದ.

ಹಡಗು ತಡವಾಯಿತು. ಯೊರ್ದನ್ ಹೊಳೆ ಮುಟ್ಟುವಾಗ ಹಬ್ಬಕ್ಕೆ ಮುಂಚಿನ ಕಷ್ಟದ ವಾರ ಶುರುವಾಗಿತ್ತು. ಜನ ಬಿಳಿ ಅಂಗಿ ತೊಟ್ಟು ಕೆಸರು ನೀರಿಗೆ ಇಳಿದರು. ಲಬೀಬಾ ನಾಲ್ಕೂ ಬಟ್ಟೆಗಳನ್ನು ಅದ್ದಿ ಹಿಂಡಿ ಪೊದೆಯ ಮೇಲೆ ಹರವಿದಳು. ಬಿಸಾದಾ ಸೊಂಟದ ತನಕ ಇಳಿದವನು ಕೆಮ್ಮತೊಡಗಿ, ಮುಗ್ಗರಿಸಿ, ನೀರು ಕುಡಿದ. ಇಬ್ಬರು ಎಳೆದು ದಂಡೆಗೆ ಹಾಕಿದಾಗ ಅವನ ಬಾಯಿಂದ ರಕ್ತ ಬಂದು ಅಂಗಿಯ ಎದೆಯೆಲ್ಲ ಕೆಂಪಾಯಿತು.

ಬಸ್ಸಿನಲ್ಲಿ ಗದ್ದಲವೆದ್ದಿತು.

“ಕ್ಷಯ ಅದು! ಕಿಟಕಿ ಮುಚ್ಚಿದ ಬಸ್ಸಲ್ಲಿ ಇವನ ಉಸಿರು ಕುಡೀಬೇಕಾ ನಾವು?” ಎಂದಳು ಮಿನ್ಯಾದ ಒಬ್ಬ ಹೆಂಗಸು.

ಡ್ರೈವರು ತಲೆಯಾಡಿಸಿದ. “ನನ್ನ ಗಾಡೀಲಿ ಹೆಣ ಬಿದ್ರೆ ಚೌಕಿ ಚೌಕಿಯಲ್ಲೂ ನಿಲ್ಲಿಸ್ತಾರೆ. ನಿಮ್ಮ ಶನಿವಾರ ದಾರೀಲೇ ಮುಗಿಯುತ್ತೆ, ನೋಡ್ಕೊಳ್ಳಿ.”

ನಸೀಫ್ ಹಣೆ ಒರೆಸಿಕೊಂಡ. ಹೊಳೆಯ ದಂಡೆಯಲ್ಲಿ ಜೋರ್ಡಾನ್ ಪೊಲೀಸರ ಒಂದು ಮಣ್ಣಿನ ಚೌಕಿ ಇತ್ತು. “ಇಲ್ಲಿ ನೆರಳಲ್ಲಿ ಮಲಗಲಿ. ನಾವು ಮೇಲೆ ಹೋದ ಕೂಡಲೇ ನಮ್ಮ ಮಠದಿಂದ ಕಾರು ಕಳಿಸ್ತೀನಿ, ಆಸ್ಪತ್ರೆಗೆ ಸೇರಿಸ್ತೀನಿ. ಆದರೆ ಜೊತೆಗೆ ಯಾರಾದ್ರೂ ಒಬ್ಬರು ಬೇಕಲ್ಲ...”

ಎಲ್ಲರ ಕಣ್ಣೂ ನೆಲ ನೋಡಿದವು. ಲಬೀಬಾ ಪೊದೆಯ ಮೇಲಿನ ಬಟ್ಟೆ ಮಡಚುತ್ತಿದ್ದಳು. ಬಿಸಾದಾ ಬಿದ್ದಲ್ಲಿಂದಲೇ ಅವಳ ಅಂಗಿಯ ಅಂಚು ಹಿಡಿದುಕೊಂಡಿದ್ದ. ಹಿಡಿದವನಿಗೇ ಅದು ಗೊತ್ತಿತ್ತೋ ಇಲ್ಲವೋ.

“ಕಾರು ಯಾವಾಗ ಬರುತ್ತೆ?” ಎಂದು ಕೇಳಿದಳು.

“ನಾಳೆ ಬೆಳಿಗ್ಗೆಯೊಳಗೆ. ಬೇಕಾದ್ರೆ ಶಿಲುಬೆ ಮೇಲೆ ಆಣೆ ಇಡ್ತೀನಿ.”

ಅವಳು ಉಳಿದಳು. ಇದನ್ನು ದೊಡ್ಡ ತ್ಯಾಗ ಎಂದು ಯಾರೂ ತಿಳಿಯಬೇಕಾಗಿಲ್ಲ. ಒಂದು ರಾತ್ರಿಯ ಮಾತು ಎಂದುಕೊಂಡಳು. ಬೆಳಿಗ್ಗೆ ಕಾರಿನಲ್ಲಿ ಜುಮ್ಮಂತ ಹೋಗಬಹುದಲ್ಲ ಎಂಬ ಆಸೆಯೂ ಒಂದು ಮೂಲೆಯಲ್ಲಿತ್ತು. ಅವಳು ಹುಟ್ಟಿದಾರಭ್ಯ ಕಾರು ಹತ್ತಿರಲಿಲ್ಲ.

ಕಾರು ಬರಲಿಲ್ಲ. ಮರುದಿನವೂ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ಚೌಕಿಯಲ್ಲಿ ಇದ್ದವನು ಫಲಾಹ್ ಎಂಬ ಪೊಲೀಸಿನವನು, ಮರಳುಗಾಡಿನ ಬದಾವಿ ಬುಡಕಟ್ಟಿನ ಮುಸ್ಲಿಮ. ಮೊದಲ ದಿನ ಅವನು ಬಂದೂಕು ಊರಿಕೊಂಡು ದೂರ ನಿಂತು ನೋಡಿದ. ಎರಡನೆಯ ದಿನ ತನ್ನ ಕಂಬಳಿ ತಂದು ಹಾಕಿದ. ಆಮೇಲೆ ಆಡು ಸಾಕಿದ್ದ ಹತ್ತಿರದ ಗುಡಾರದಿಂದ ಚೊಂಬಿನಲ್ಲಿ ಹಾಲು ತಂದ.

“ತಗೋ ಹಜ್ಜಾ, ಕುಡಿಸು ಇವನಿಗೆ.” ಯಾತ್ರೆ ಮಾಡಿದ ಹೆಂಗಸನ್ನು ಅಲ್ಲಿಯವರು ಕರೆಯುವುದು ಹಾಗೆ. ಅವಳ ಬಿಳಿ ಅಂಗಿ ನೋಡಿ ಅವನು ಕರೆದ. ಲಬೀಬಾ ಅಲ್ಲವೆನ್ನದೆ ಚೊಂಬು ಈಸಿಕೊಂಡಳು.

ಬಿಸಾದಾ ಮುಖ ತಿರುಗಿಸಿದ. “ಉಪವಾಸ... ಹಾಲು ಮುಟ್ಟಬಾರದು.”

“ನಿಮ್ಮ ದೇವರು ಆಡಿನ ಕೆಚ್ಚಲಿಗೂ ಬೀಗ ಹಾಕಿದಾನೇನೋ?” ಎಂದ ಫಲಾಹ್.

“ಕುಡಿ, ಆ ಪಾಪ ನನ್ನ ತಲೆಗಿರಲಿ” ಎಂದಳು ಲಬೀಬಾ. “ನನ್ನ ತಲೆ ಮೇಲೆ ಬೇರೇನೂ ಭಾರ ಇಲ್ಲ.”

ಅವನು ಕುಡಿದ. ಅರ್ಧ ಕಕ್ಕಿದ. ಅವಳು ಒರೆಸಿದಳು, ಮಗ್ಗುಲು ಬದಲಾಯಿಸಿದಳು, ಕೊಳೆಯಾದದ್ದನ್ನು ಹೊಳೆಯಲ್ಲಿ ಒಗೆದಳು, ಬೈದಳು. ಬೈದದ್ದು ಅವನನ್ನಲ್ಲ, ರಸ್ತೆಯನ್ನು. ಆ ರಸ್ತೆಯಲ್ಲಿ ಬಸ್ಸುಗಳು ಯಾತ್ರಿಕರನ್ನು ತುಂಬಿಕೊಂಡು ಯೆರಿಕೋ ದಾಟಿ ಬೆಟ್ಟ ಹತ್ತುತ್ತಿದ್ದವು. ಒಳಗೆ ಜನ ಹಾಡುತ್ತಿದ್ದರು. ಅವಳು ಕೈ ಎತ್ತಿದರೆ ಅವರೂ ಕೈ ಬೀಸುತ್ತಿದ್ದರು, ಅಷ್ಟೆ.

ಒಂದು ಸಲ ಫಲಾಹನೇ ಹೇಳಿದ: “ನೀನು ಹೋಗು ಹಜ್ಜಾ. ಬಸ್ಸು ನಿಲ್ಲಿಸಿ ಹತ್ತಿಸ್ತೀನಿ. ನಾನಿದೀನಿ ಇಲ್ಲಿ.”

ಅವಳು ಗಂಟು ಎತ್ತಿಕೊಂಡು ರಸ್ತೆಯ ತನಕ ಹೋದಳು. ನಿಜವಾಗಿಯೂ ಹೋದಳು. ದೂರದಲ್ಲಿ ಬಸ್ಸಿನ ಧೂಳು ಕಾಣುತ್ತಿತ್ತು. ಅಲ್ಲಿ ನಿಂತಾಗ ಗೋಣಿಚೀಲ ನೆನಪಾಯಿತು. ಗಂಡನನ್ನು ಕಲ್ಲಿನಡಿಯಿಂದ ತೆಗೆಯುವಾಗ ಇನ್ನೂ ಜೀವವಿತ್ತು, ಯಾರನ್ನೋ ಕರೆಯುತ್ತಿದ್ದ, ಆದರೆ ಗಣಿಯವರು ಕೆಲಸ ನಿಲ್ಲಿಸಲಿಲ್ಲ ಎಂದು ಆಮೇಲೆ ಯಾರೋ ಹೇಳಿದ್ದರು. ಬಸ್ಸು ಹತ್ತಿರ ಬಂತು. ಲಬೀಬಾ ರಸ್ತೆಗೆ ಬೆನ್ನು ಹಾಕಿ ಚೌಕಿಗೆ ವಾಪಸು ನಡೆದಳು. ದಾರಿಯುದ್ದಕ್ಕೂ ಬಾಯಿಗೆ ಬಂದಂತೆ ಬೈದುಕೊಂಡಳು.

ಶನಿವಾರ ಬೆಳಿಗ್ಗೆ ಬಿಸಾದಾಗೆ ಕಣ್ಣು ಮಂಜಾಗಿತ್ತು. “ಅವ್ವ, ಎಲ್ಲಿದೀವಿ ನಾವು?” ಎಂದ.

ಪಶ್ಚಿಮಕ್ಕೆ, ಬರಡು ಬೆಟ್ಟಗಳ ಸಾಲಿನ ತುದಿಯಲ್ಲಿ, ಎಣ್ಣೆಮರದ ಗುಡ್ಡದ ಮೇಲಿನ ಗೋಪುರ ಸೂಜಿಯಷ್ಟು ಸಣ್ಣಗೆ ಕಾಣುತ್ತಿತ್ತು. ಅದರ ಆಚೆ ಮಗ್ಗುಲಲ್ಲೇ ಯೆರೂಸಲೇಮು. ಲಬೀಬಾ ಅವನ ತಲೆಯನ್ನು ತನ್ನ ಮಂಡಿಗೆ ಆನಿಸಿ ಆ ಕಡೆ ತಿರುಗಿಸಿದಳು.

“ಬಂದುಬಿಟ್ವಪ್ಪ. ನೋಡು, ಗೋಪುರ. ಅದರ ಬಾಗಿಲಲ್ಲೇ ಇದೀವಿ.”

“ಜನ... ಗದ್ದಲ ಇಲ್ಲವಲ್ಲ?”

“ಎಲ್ಲ ಬೆಂಕಿಗೆ ಕಾಯ್ತಾ ಸುಮ್ಮನೆ ನಿಂತಿದಾರೆ.”

“ತೋಳಿಗೆ ಹಚ್ಚೆ?”

“ಹಾಕಿಸಿದ್ವಲ್ಲ. ನಿನಗೆ ಸ್ಮರಣೆ ಇರಲಿಲ್ಲ. ಉರಿಯುತ್ತಾ?”

“ಉರಿಯುತ್ತೆ” ಎಂದ ಬಿಸಾದಾ. ಅವನ ಮೈಯೆಲ್ಲ ಜ್ವರದಲ್ಲಿ ಉರಿಯುತ್ತಿತ್ತು. ಮುಖದಲ್ಲಿ ಏನೋ ಸಡಿಲವಾಯಿತು. ಬಿಸಿಲು ನೆತ್ತಿಗೆ ಬರುವ ಮುಂಚೆ ಹೋಗಿಬಿಟ್ಟ.

ಆ ಹೊತ್ತಿಗೆ ಮೇಲೆ ಬೆಟ್ಟದ ಪಟ್ಟಣದಲ್ಲಿ ನಸೀಫನೂ ಉಳಿದವರೂ ಕ್ರಿಸ್ತನ ಸಮಾಧಿಯ ಸುತ್ತ ಒಬ್ಬರನ್ನೊಬ್ಬರು ತುಳಿಯುತ್ತ ನಿಂತಿದ್ದರು.

ಫಲಾಹ್ ಚೌಕಿಯ ಹಿಂದಿನ ದಿಬ್ಬದಲ್ಲಿ ಗುಂಡಿ ತೋಡಿದ. ಹೆಣಕ್ಕೆ ಹೊದಿಸಲು ಅವನು ತನ್ನ ಕಂಬಳಿಯನ್ನೇ ಕೊಡಲು ಬಂದ. ಲಬೀಬಾ ಬೇಡವೆಂದು ಗಂಟು ಬಿಚ್ಚಿದಳು. ನಾಲ್ಕು ಬಟ್ಟೆ. ಮೊದಲು ಅವಳ ಕೈ ಹೋಗಿದ್ದು ಶಫೀಕಾಳದ್ದಕ್ಕೆ. ಎಲ್ಲಕ್ಕಿಂತ ಅಗಲವಾದದ್ದು, ಯಾರನ್ನೂ ಎರಡು ಸುತ್ತು ಸುತ್ತಬಹುದು. ಒಯ್ದುಕೊಡದಿದ್ದರೆ ಆ ಹೆಂಗಸು ತನ್ನ ಚರ್ಮ ಸುಲಿದಾಳು ಎಂದು ಅದನ್ನು ಬಿಟ್ಟಳು. ಇನ್ನೆರಡು ಬಡವರವು. ಕೊನೆಗೆ ನೀಲಿ ದಾರದ್ದನ್ನು ಎಳೆದಳು. ಹೊದಿಸಿದ ಮೇಲೆ ಅಂಚಿನ ದಾರ ಬಿಚ್ಚಿಕೊಳ್ಳಲೇ ಎಂದು ಯೋಚಿಸಿ, ಬಿಟ್ಟಳು. ಮಣ್ಣು ಮುಚ್ಚುವಾಗ ಅವಳಿಗೆ ಬರುತ್ತಿದ್ದ ಒಂದೇ ಪ್ರಾರ್ಥನೆ ಹೇಳಿದಳು. ಫಲಾಹ್ ತನಗೆ ಗೊತ್ತಿದ್ದದ್ದನ್ನು ಗೊಣಗಿದ.

ಹಬ್ಬ ಮುಗಿದು ಬಸ್ಸು ಇಳಿದು ಬಂದಾಗ ಅದರ ತುಂಬ ಹಚ್ಚೆಯ ತೋಳುಗಳು, ಮಸಿಗಟ್ಟಿದ ಬತ್ತಿಗಳು, ಎಣ್ಣೆಯ ಘಮಲು. ನಸೀಫ್ ಕೆಳಗಿಳಿದು ಸುತ್ತ ನೋಡಿದ.

“ಎಲ್ಲಿ ಅವನು?”

“ನೀನು ಕಳಿಸಿದ ಕಾರಲ್ಲಿ ಹೋದ” ಎಂದಳು ಲಬೀಬಾ.

ನಸೀಫನ ಮುಖ ಬಿಳಿಚಿತು. “ಜನಜಂಗುಳಿಯಲ್ಲಿ ಕಾರು ಸಿಗಲಿಲ್ಲ ತಾಯಿ. ಪ್ರಯತ್ನ ಪಟ್ಟೆ.”

“ನನ್ನನ್ನ ಈಗ ಮೇಲೆ ಕರ್ಕೊಂಡು ಹೋಗು. ಅರ್ಧ ದಿನದ ಮಾತು.”

“ಆಗಲ್ಲ. ಬೈರೂತಿನಲ್ಲಿ ಹಡಗು ನಿಂತಿದೆ. ಎಲ್ಲರ ಕಾಗದಪತ್ರ ಒಂದೇ ಕಟ್ಟು.” ಆಮೇಲೆ ದನಿ ಇಳಿಸಿದ. “ಕೇಳು. ಬೈರೂತಿನಲ್ಲೂ ಹಚ್ಚೆ ಹಾಕೋರು ಇದಾರೆ. ಅದೇ ಚಿತ್ರ, ಅದೇ ವರ್ಷ. ನೀನು ಮುಗದ್ದಿಸಾ ಅಂತ ನಿಮ್ಮ ಪಾದ್ರಿಗೆ ನಾನೇ ಹೇಳ್ತೀನಿ. ಬಸ್ಸಿನೋರೂ ಒಪ್ತಾರೆ. ಇಲ್ಲಿ ಆಗಿದ್ದು ಇಲ್ಲೇ ಇರಲಿ.”

ಅವಳಿಗೆ ಬೇಕಾದದ್ದನ್ನೇ ಅವನು ಹರಿವಾಣದಲ್ಲಿಟ್ಟು ನೀಡುತ್ತಿದ್ದ. ಲಬೀಬಾ ತನ್ನ ಬರಿಯ ತೋಳನ್ನು ಒಮ್ಮೆ ನೋಡಿಕೊಂಡಳು.

“ನನ್ನ ಬಾಯಿ ಹೊಲಿಯೋಕೆ ತೋಳಿಗೆ ಸೂಜಿ ಹಾಕಿಸ್ತೀಯಾ ಖವಾಜಾ? ಊರಿಗೆ ಹೋಗಿ ಮೊದಲು ಅವನ ಹೆಂಡತಿ ಮನೆಗೆ ಹೋಗ್ತೀನಿ. ನೀನು ಅವನನ್ನ ನಾಯಿ ಹಾಗೆ ಬಿಟ್ಟು ಹೋದೆ ಅಂತ ನಜ್ಲತ್ ಸಾವಿ ಬೀದೀಲಿ ನಿಂತು ಕೂಗ್ತೀನಿ.”

ಆ ಮಾತಿನ ಮೇಲೆ ಅವಳು ಹಡಗಿನಲ್ಲಿ ಯಾರ ಜೊತೆಗೂ ಮಾತಾಡಲಿಲ್ಲ. ಅಲೆಕ್ಸಾಂಡ್ರಿಯದಲ್ಲಿ ಇಳಿದ ಕೂಡಲೆ ನಸೀಫ್ ಟ್ಯಾಕ್ಸಿ ಹಿಡಿದು ಕಣ್ಮರೆಯಾದ. ಅವಳು ಮೂರನೇ ದರ್ಜೆಯ ರೈಲಿನಲ್ಲಿ ಮೈ ನುಗ್ಗಾಗಿಸಿಕೊಂಡು ಎರಡು ದಿನದ ಮೇಲೆ ಬಂದು, ದೋಣಿ ದಾಟಿ, ನಜ್ಲತ್ ಸಾವಿ ಸೇರುವ ಹೊತ್ತಿಗೆ ಅವನ ಮಾತು ಅವಳಿಗಿಂತ ಮೊದಲೇ ಊರು ಹೊಕ್ಕಿತ್ತು.

ಬಿಸಾದಾನ ಮಣ್ಣಿನ ಮನೆಗೆ ಹಸಿ ಸುಣ್ಣ ಬಳಿದಿದ್ದರು. ಗೋಡೆಯ ಮೇಲೆ ನೀಲಿ ಹಡಗು, ಹಸಿರು ಬಸ್ಸು, ಕೆಂಪು ಗುಮ್ಮಟ. ಬಾಗಿಲ ಮೇಲೆ ದಪ್ಪಕ್ಷರದಲ್ಲಿ ‘ಮುಗದ್ದಿಸ್ ಬಿಸಾದಾ’ ಎಂದಿತ್ತು. ಅಂಗಳದಲ್ಲಿ ಜನ ಕೂತಿದ್ದರು, ಪಾದ್ರಿಯೂ ಇದ್ದ. ಕರಿಬಟ್ಟೆಯ ತಫೀದಾ ಎದ್ದು ಬಂದಳು. ಗರ್ಭಿಣಿ; ಸೆರಗು ಹಿಡಿದುಕೊಂಡು ಮೂರು ಮಕ್ಕಳು.

“ನೀನೇನಾ ಲಬೀಬಾ? ಖವಾಜಾ ಎಲ್ಲ ಹೇಳಿದ್ರು. ಸಮಾಧಿ ಹತ್ತಿರ ಬೆಂಕಿ ನೋಡಿದ ಮೇಲೆ ಬಿದ್ದರಂತೆ. ಆ ಪಟ್ಟಣದ ಆಸ್ಪತ್ರೇಲೇ ಹೋದರಂತೆ. ಅಲ್ಲಿಯ ಮಣ್ಣೇ ಸಿಕ್ತಂತೆ.” ಅವಳ ಕಣ್ಣು ಲಬೀಬಾಳ ಮುಖವನ್ನು ಕೆದಕುತ್ತಿದ್ದವು. “ನೀನೂ ಜೊತೇಲಿದ್ದೆಯಾ?”

ಗೋಡೆಗೆ ಒರಗಿ ಕೂತಿದ್ದ ಒಬ್ಬ ಮುದುಕ ನಡುವೆ ಬಾಯಿ ಹಾಕಿದ: “ಇವಳೆಲ್ಲಿ ಇರ್ತಾಳೆ? ಹೊಳೆ ದಂಡೇಲಿ ನಿದ್ದೆ ಹೊಡೆದು ಬಸ್ಸು ತಪ್ಪಿಸ್ಕೊಂಡೋಳು ಇವಳೇ ಅಂತೆ. ಖವಾಜಾ ಹೇಳ್ತಿದ್ರು.”

ಜನ ಸಾವಿನ ಮನೆ ಎನ್ನುವುದನ್ನೂ ಮರೆತು ನಕ್ಕರು.

ಲಬೀಬಾ ಕೂಗಲೆಂದೇ ಬಂದಿದ್ದವಳು. ದಾರಿಯುದ್ದಕ್ಕೂ ಮಾತು ಮಸೆದುಕೊಂಡು ಬಂದಿದ್ದಳು. ಬಾಯಿ ತೆರೆದಳು. ಪಾದ್ರಿಯ ಮೊಣಕಾಲಿನ ಪಕ್ಕದಲ್ಲಿ ಬಿಸಾದಾನ ದೊಡ್ಡ ಮಗನನ್ನು ಕೂರಿಸಿದ್ದರು. ಊರ ಸ್ಥಿತಿವಂತನೊಬ್ಬ ಅವನ ತಲೆ ಸವರುತ್ತ, ಮುಗದ್ದಿಸನ ಮಗನನ್ನು ಗಣಿಗೆ ಕಳಿಸಬೇಡಿ, ನಮ್ಮ ಗಿರಣಿಗೆ ಕಳಿಸಿ ಎನ್ನುತ್ತಿದ್ದ. ನಸೀಫನ ಸುಳ್ಳನ್ನು ಕಿತ್ತರೆ ಗೋಡೆಯ ಸುಣ್ಣವೂ ಕಿತ್ತು ಬರುತ್ತಿತ್ತು. ಅದೂ ಅಲ್ಲದೆ, ಆ ಸುಳ್ಳನ್ನು ಮೊದಲು ಹೇಳಿದವಳು ಅವಳೇ, ಸಾಯುವವನ ಕಿವಿಯಲ್ಲಿ.

“ಹೌದು” ಎಂದಳು. “ನಿದ್ದೆ ಬಂತು. ಬಸ್ಸು ಹೋಯ್ತು.”

ಮಡಿಲಿನಿಂದ ಬಿಸಾದಾನ ಟೊಪ್ಪಿಗೆಯನ್ನೂ ಬತ್ತಿಯ ಕಟ್ಟನ್ನೂ ತೆಗೆದು ತಫೀದಾಳ ಕೈಗಿಟ್ಟಳು. “ಖವಾಜಾ ಕೊಟ್ಟು ಕಳಿಸಿದ್ದು” ಎಂದು ಸೇರಿಸಿದಳು. ಕೊಟ್ಟ ಕಾಫಿ ಕುಡಿಯದೆ ಹೊರಟಳು.

ಕೋಮ್ ಅಬ್ಯದ್ ಅವಳನ್ನು ಹೇಗೆ ಬರಮಾಡಿಕೊಂಡಿತು ಎನ್ನುವುದನ್ನು ಹೆಚ್ಚು ಹೇಳಬೇಕಾಗಿಲ್ಲ. ಶಫೀಕಾ ಮೊದಲು ಅವಳ ತೋಳು ಎಳೆದು ನೋಡಿದಳು. ಆಮೇಲೆ ಬಟ್ಟೆ ಕಿತ್ತುಕೊಂಡು ಮೂಸಿದಳು.

“ಕೆಸರು ವಾಸನೆ! ಚಪ್ಪಡಿ ಎಣ್ಣೆಯ ಒಂದು ತೊಟ್ಟಿಲ್ಲ. ಮಲಗೋಕೆ ಅಷ್ಟು ದೂರ ಹೋಗಬೇಕಿತ್ತೇನೇ? ನಮ್ಮ ಮನೆ ಅಟ್ಟದಲ್ಲಿ ಮಲಗಿದ್ರೆ ಆಗ್ತಿರಲಿಲ್ವಾ? ನಿನ್ನ ಬಟ್ಟೆ ಎಲ್ಲಿ?”

“ಹೊಳೇಲಿ ಹೋಯ್ತು.”

“ಅದೂ ಹೋಯ್ತಾ! ನಿನ್ನನ್ನ ಮಾತ್ರ ಯಾಕೆ ಬಿಟ್ಟು ಹೋಯ್ತೋ ಹೊಳೆ.”

ಮುಂದಿನ ವರ್ಷ ತಾನೇ ಹೋಗುತ್ತೇನೆ ಎಂದು ಶಫೀಕಾ ಶಪಥ ಮಾಡಿದಳು. ಮುಂದಿನ ವರ್ಷ ಯುದ್ಧವಾಯಿತು. ಯೆರೂಸಲೇಮು ಜೋರ್ಡಾನಿನ ಕೈತಪ್ಪಿ ಇನ್ನೊಬ್ಬರ ಕೈಗೆ ಹೋಯಿತು, ಯೊರ್ದನ್ ಹೊಳೆಯ ಆ ದಂಡೆಗೆ ಮುಳ್ಳುತಂತಿ ಬಂತು, ದಾರಿ ಮುಚ್ಚಿತು. ಆ ಮೂರು ಬಟ್ಟೆಗಳು ಹೊಳೆಯ ನೀರಷ್ಟನ್ನೇ ಕಂಡು, ಸಮಾಧಿ ಕಾಣದೆ ಪೆಟ್ಟಿಗೆಯಲ್ಲಿ ಹಳದಿಯಾದವು. ಒಬ್ಬೊಬ್ಬರಾಗಿ ಅದನ್ನೇ ಹೊದ್ದು ಹೋದರು. ಶಫೀಕಾ ಸಾಯುವ ದಿನವೂ ಲಬೀಬಾಳನ್ನು ಒಳಗೆ ಬಿಡಬೇಡಿ ಎಂದಳಂತೆ. ಲಬೀಬಾ ಹೊರಗೆ ಕೂತು ಆ ಮನೆಯ ತಿಥಿಗೆ ರೊಟ್ಟಿ ಸುಟ್ಟಳು.

ಊರಲ್ಲಿ ಯಾರಾದರೂ ಕೆಲಸ ಕೆಡಿಸಿದರೆ ‘ಲಬೀಬಾಳ ನಿದ್ದೆ’ ಎನ್ನುವುದು ರೂಢಿಯಾಯಿತು. ಅವಳು ನಗುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಒಮ್ಮೆ ಮಾತ್ರ, ಹೊಸದಾಗಿ ಬಂದ ಪಾದ್ರಿ ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರ್ಯದವನ ಕಥೆ ಹೇಳಿ, ಯೆರಿಕೋ ದಾರಿಯಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದಾಗ, ಹಿಂದಿನ ಸಾಲಿನಿಂದ ಅವಳ ದನಿ ಬಂತು.

“ಅವನ ಹತ್ತಿರ ಕತ್ತೆ ಇತ್ತು ಅಬೂನಾ. ಛತ್ರ ಇತ್ತು, ಛತ್ರದೋನಿಗೆ ಕೊಡೋಕೆ ಕಾಸಿತ್ತು. ಒಂದು ರಾತ್ರಿ ಇದ್ದು ಬೆಳಿಗ್ಗೆ ತನ್ನ ದಾರಿ ಹಿಡಿದ. ಛತ್ರ ಇಲ್ಲದೋರು ಏನು ಮಾಡಬೇಕು ಅಂತ ಅದರಲ್ಲಿ ಬರೆದಿದ್ರೆ ಹೇಳಿ.”

ಹೆಂಗಸರು ಕಿಸಕ್ಕೆಂದರು. ಪಾದ್ರಿ, ನಿದ್ದೆಯವಳು ಎದ್ದಿದ್ದಾಳೆ ಎಂದು ನಕ್ಕು ಮುಂದಕ್ಕೆ ಹೋದ.

ಎಷ್ಟೋ ವರ್ಷದ ಮೇಲೆ ಸರ್ಕಾರಗಳು ಕೈಕುಲುಕಿ ದಾರಿ ತೆರೆದವು. ಆದರೆ ಆ ಪಟ್ಟಣ ಇನ್ನೊಬ್ಬರ ಬೂಟಿನ ಕೆಳಗಿರುವ ತನಕ ನಮ್ಮವರು ಕಾಲಿಡಬಾರದು, ಹೋದವರಿಗೆ ಪ್ರಸಾದವಿಲ್ಲ ಎಂದು ಚರ್ಚಿನ ಹಿರಿಯರು ಅಪ್ಪಣೆ ಮಾಡಿದರು. ಕೆಲವರು ಕದ್ದು ಹೋಗಿಬಂದರು. ಅಣ್ಣನ ಮಗ ಲಬೀಬಾಳನ್ನೂ ಕೇಳಿದ. “ಬಾ ಅತ್ತೆ, ಕರ್ಕೊಂಡು ಹೋಗ್ತೀನಿ. ಆಮೇಲೆ ತಪ್ಪಾಯ್ತು ಅಂದ್ರೆ ಮುಗೀತು.”

“ಅಲ್ಲಿ ಒಬ್ಬ ಪೊಲೀಸಿನೋನು ನನಗೆ ಹಾಲು ಕೊಟ್ಟಿದ್ದ” ಎಂದಳು ಅವಳು. “ಅವನ ಚೌಕಿ, ಗುಡಾರ ಏನಾದವೋ. ಅವನಿಗೆ ದಾರಿ ಮುಚ್ಚಿರೋವಾಗ ನಾನು ಯಾವ ಮುಖ ಹೊತ್ಕೊಂಡು ಹೋಗಲಿ?” ಅಣ್ಣನ ಮಗನಿಗೆ ತಲೆಬುಡ ತಿಳಿಯಲಿಲ್ಲ. ಮುದುಕಿಗೆ ಅರಳುಮರಳು ಎಂದುಕೊಂಡ.

ಅವಳು ಹಾಸಿಗೆ ಹಿಡಿದ ವರ್ಷ, ಒಂದು ಮಧ್ಯಾಹ್ನ, ಊರುಗೋಲು ಊರಿಕೊಂಡು ತಫೀದಾ ಬಂದಳು. ನಡುವಿನ ಇಷ್ಟೂ ವರ್ಷಗಳಲ್ಲಿ ಒಮ್ಮೆಯೂ ಬಂದವಳಲ್ಲ. ಬಾಗಿಲು ಮುಂದೆ ಮಾಡಿ ಚಾಪೆಯ ಮೇಲೆ ಕೂತಳು.

“ನಿನಗೊಂದು ಹೇಳಬೇಕು” ಎಂದಳು. “ಅವರು ಬೆಂಕಿ ನೋಡಿದ್ರು ಅಂತ ಎಲ್ಲರೂ ಹೇಳಿದ್ರು. ನೀನು ಅವತ್ತು ಕೊಟ್ಟ ಬತ್ತಿ ಕಟ್ಟು ನಾನು ಬಿಚ್ಚಿದೆ. ಒಂದೂ ಹೊತ್ತಿರಲಿಲ್ಲ. ನೂಲು ಬೆಳ್ಳಗೆ, ಅಂಗಡೀಲಿ ತಂದ ಹಾಗೇ ಇತ್ತು.”

ಲಬೀಬಾ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

“ಮೈದುನಂದಿರು ನೋಡೋಕೆ ಮುಂಚೆ ಒಲೆಗೆ ಹಿಡಿದು ನಾನೇ ಮಸಿ ಮಾಡಿಟ್ಟೆ. ಅದನ್ನ ಈಗಲೂ ದೇವರ ಪಟದ ಕೆಳಗೆ ಇಟ್ಟು ಕೈ ಮುಗೀತಾರೆ ನನ್ನ ಮಕ್ಕಳು.” ಅವಳು ಹತ್ತಿರಕ್ಕೆ ಸರಿದಳು. “ಈಗ ನಿಜ ಹೇಳು. ಅವರು ಅಲ್ಲಿಗೆ ಮುಟ್ಟಿದ್ರಾ?”

“ಮುಟ್ಟಿದ.”

“ನನ್ನ ಹತ್ತಿರಾನೂ ಹೀಗೆ ಹೇಳ್ತೀಯಾ?”

“ಮುಟ್ಟಿದೀನಿ ಅಂದ್ಕೊಂಡೇ ಹೋದ. ಅಷ್ಟು ಸಾಕಲ್ವಾ?”

“ಅವರಿಗೆ ಹಾಗಂತ ಯಾರು ಹೇಳಿದ್ದು?”

“ನಾನು.”

ಹೊರಗೆ ಯಾರೋ ಕತ್ತೆ ಹೊಡೆದುಕೊಂಡು ಹೋದರು.

“ಮತ್ತೆ ನೀನು?” ಎಂದಳು ತಫೀದಾ.

“ನನಗೆ ಯಾರೂ ಹೇಳಲಿಲ್ಲ.”

“ನಾನು ನಾಳೆ ನಿಮ್ಮ ಚರ್ಚಲ್ಲಿ ಎದ್ದು ನಿಂತು ಹೇಳ್ತೀನಿ. ಎಲ್ಲ ಹೇಳ್ತೀನಿ.”

ಲಬೀಬಾ ದಿಂಬಿನಿಂದ ತಲೆ ಎತ್ತಿದಳು. “ಗಿರಣಿಗೆ ಹೋದನಲ್ಲ ನಿನ್ನ ದೊಡ್ಡ ಮಗ, ಅವನ ಮಗಳಿಗೆ ನಿಶ್ಚಯ ಆಗಿದೆ ಅಂತ ಕೇಳಿದೆ. ಗಂಡಿನ ಕಡೆಯೋರು ಯಾರ ಮೊಮ್ಮಗಳು ಅಂತ ಒಪ್ಪಿದಾರೆ?”

ತಫೀದಾ ಊರುಗೋಲಿಗೆ ಕೈ ಹಾಕಿದಳು.

“ಹೋಗು. ದೋಣಿ ತಪ್ಪುತ್ತೆ.”

ಲಬೀಬಾ ಸತ್ತಾಗ ಅಣ್ಣನ ಮಗ ಪೇಟೆಯಿಂದ ಹತ್ತಿಯ ಬಟ್ಟೆ ತಂದ. ಗಂಜಿ ಹಾಕಿದ ಹೊಸ ಬಟ್ಟೆ, ಸುತ್ತುವಾಗ ಚರಚರ ಎನ್ನುತ್ತಿತ್ತು. ಗೋಣಿಯಲ್ಲಂತೂ ಹೋಗಲಿಲ್ಲ. ಮೈ ತೊಳೆದ ಹೆಂಗಸರು ರೂಢಿಯ ಹಾಗೆ ತೋಳು ನೋಡಿದರು. ಮಣಿಕಟ್ಟಿನಲ್ಲಿ ನಮ್ಮವರಿಗೆಲ್ಲ ಇರುವ ಸಣ್ಣ ಶಿಲುಬೆ, ಅದರ ಮೇಲೆ ಮೊಣಕೈ ತನಕ ಖಾಲಿ ಚರ್ಮ, ಒಲೆಯ ಕಿಡಿ ಹಾರಿದ ಕಲೆಗಳು.

ನಲವತ್ತನೆಯ ದಿನದ ಪೂಜೆಗೆ ತಫೀದಾ ಬಂದಿದ್ದಳು. ಹೆಂಗಸರ ಕಡೆ, ಕಂಬದ ಪಕ್ಕ ನಿಂತಿದ್ದಳು. ಪಾದ್ರಿ ತೀರಿಹೋದವರ ಹೆಸರು ಓದತೊಡಗಿದ. ಮುಗದ್ದಿಸ್ ಒಬ್ಬ, ಮುಗದ್ದಿಸಾ ಒಬ್ಬಳು, ಇನ್ನೊಬ್ಬ ಮುಗದ್ದಿಸ್. ಆಮೇಲೆ ಅವನು ಉಸಿರೆಳೆದುಕೊಂಡ. ಆ ಬಿಡುವಿನಲ್ಲಿ ತಫೀದಾಳ ತುಟಿ ಒಂದೇ ಒಂದು ಪದಕ್ಕೆ ಅಲ್ಲಾಡಿತು. ಪಕ್ಕದವಳು ತಿರುಗಿ ನೋಡಿದಳು, ಅವಳಿಗೆ ಏನೂ ಕೇಳಿಸಲಿಲ್ಲ.

“ಲಬೀಬಾ” ಎಂದ ಪಾದ್ರಿ. ಮುಂದಿನ ಹೆಸರಿಗೆ ಹೋದ.